ಗಂಟೆಗೆ 150 ರೂಪಾಯಿಯ ಇಂಟರ್‌ವ್ಯೂ ಕ್ಯಾಬಿನ್, ಮತ್ತು ನನ್ನ ಹಿಂದೆ ಕಾಣಿಸಿದ ಬಿಳಿ ಸೋಫಾ

ಮೊದಲು ಮಾರ್ಕ್ಸ್ ಹೇಳಿಬಿಡುತ್ತೇನೆ, ಐದಕ್ಕೆ ಮೂರೂವರೆ. ಬೆಳಕು, ಸದ್ದು, ನೆಟ್ಟು ಇವಕ್ಕೆ ಐದಕ್ಕೆ ಐದು ಕೊಡಬಹುದು. ಹೇಳಿಕೊಡುವ ಉತ್ತರಗಳಿಗೆ ಒಂದೂವರೆ, ಅದೂ ಜಾಸ್ತಿಯೇ. ಪುಟಾಣಿಗೆ, ಅಂದರೆ ತಿನ್ನುವ ಹುರಿಗಡಲೆಗೆ, ಬೇರೆಯೇ ಮಾರ್ಕ್ಸ್ ಕೊಡಬೇಕು, ಅದನ್ನು ಆಮೇಲೆ ಹೇಳುತ್ತೇನೆ.

ಜಾಗ ಬಳ್ಳಾರಿಯಲ್ಲಿ. ಗಡಿಗಿ ಚನ್ನಪ್ಪ ವೃತ್ತ, ಅಂದರೆ ನಾವೆಲ್ಲ ಇನ್ನೂ ರಾಯಲ್ ಸರ್ಕಲ್ ಅಂತಲೇ ಕರೆಯುವ ಗಡಿಯಾರ ಕಂಬದ ಜಾಗ, ಅಲ್ಲಿಂದ ನಡೆದರೆ ಐದು ನಿಮಿಷ. ಕೆಳಗೆ ಜೆರಾಕ್ಸ್, ಲ್ಯಾಮಿನೇಷನ್, ಆನ್‌ಲೈನ್ ಅರ್ಜಿ ಹಾಕಿಕೊಡುವ ಅಂಗಡಿ. ಪಕ್ಕದ ಕಿರಿದಾದ ಮೆಟ್ಟಿಲು ಹತ್ತಿದರೆ ಮೇಲೆ ಮೂರು ಕ್ಯಾಬಿನ್, ಆನ್‌ಲೈನ್ ಇಂಟರ್‌ವ್ಯೂ ಕೊಡುವವರಿಗೆ ಗಂಟೆ ಲೆಕ್ಕದಲ್ಲಿ ಬಾಡಿಗೆಗೆ. ಅಂಗಡಿಯ ಹೆಸರು ಬರೆಯುವುದಿಲ್ಲ. ಮುಂದೆ ಎರಡು ಮೂರು ದೂರು ಇವೆ, ಅಂಗಡಿಯವರು ಮನುಷ್ಯ ಒಳ್ಳೆಯವರು, ಅವರ ವ್ಯಾಪಾರಕ್ಕೆ ಕಲ್ಲು ಹಾಕುವ ಮನಸ್ಸಿಲ್ಲ. ಹುಡುಕಿದರೆ ಸಿಗುತ್ತದೆ. ಮೆಟ್ಟಿಲ ಬುಡದಲ್ಲಿ ಯಾವಾಗಲೂ ಒಬ್ಬ ಹುಡುಗ ಮೇಲೆ ಇಸ್ತ್ರಿ ಮಾಡಿದ ಶರ್ಟು, ಕೆಳಗೆ ಹವಾಯಿ ಚಪ್ಪಲಿ ಹಾಕಿಕೊಂಡು ತುಟಿ ಅಲ್ಲಾಡಿಸುತ್ತಾ ನಿಂತಿರುತ್ತಾನೆ. ಅದೇ ಗುರುತು.

ನಾನು ಎಂಎಸ್‌ಡಬ್ಲ್ಯೂ, ಅಂದರೆ ಸಮಾಜಕಾರ್ಯದಲ್ಲಿ ಸ್ನಾತಕೋತ್ತರ ಪದವಿ ಮಾಡಿದವಳು. ನಾಲ್ಕು ವರ್ಷ ಸ್ವಸಹಾಯ ಸಂಘಗಳ ಜೊತೆ ಕೆಲಸ ಮಾಡಿದೆ, ಆ ಯೋಜನೆ ಮುಗಿಯಿತು, ಕೆಲಸವೂ ಮುಗಿಯಿತು. ಆಮೇಲೆ ಹುಡುಕಿದ್ದು ಹೌಸಿಂಗ್ ಕಡೆಯ ಕೆಲಸ: ಗೃಹಸಾಲ ಕಂಪನಿ, ಹಾಸ್ಟೆಲ್ ನಡೆಸುವವರು, ಸರ್ಕಾರಿ ವಸತಿ ಯೋಜನೆಗೆ ಗುತ್ತಿಗೆ ಮೇಲೆ ಜನ ತೆಗೆದುಕೊಳ್ಳುವವರು. "ಹೌಸಿಂಗ್ ಕೆಲಸ" ಅಂದಾಗ ನಮ್ಮಜ್ಜಿ "ಯಾರ ಮನೆಯಾಗೆ?" ಅಂತ ಕೇಳಿದಳು. ನಕ್ಕೆ. ಆದರೆ ಮುಂದೆ ಮೂರೂ ಇಂಟರ್‌ವ್ಯೂನಲ್ಲಿ ಅವಳ ಪ್ರಶ್ನೆಯೇ ಬೇರೆ ಬೇರೆ ವೇಷದಲ್ಲಿ ಬಂತು.

ಮನೆಯಲ್ಲೇ ಕುಳಿತು ಕೊಡಬಹುದಿತ್ತಲ್ಲಾ ಅಂತ ಕೇಳಬಹುದು. ನಮ್ಮದು ಕೌಲ್ ಬಜಾರ್. ಕೆಳಗಿನ ಮನೆಯಲ್ಲಿ ಜೀನ್ಸ್ ಹೊಲಿಯುವ ಆರು ಮಷೀನು. ಅವು ಒಟ್ಟಿಗೆ ಓಡಿದರೆ ನಮ್ಮ ಸ್ಟೀಲ್ ಲೋಟ ಕಪಾಟಿನಲ್ಲಿ ತಾನೇ ಜರುಗುತ್ತದೆ. ಮೇಲೆ ಕುಕ್ಕರ್, ಬೀದಿಯಲ್ಲಿ ಹಳೇ ಪೇಪರಿನವನ ಮೈಕು, ಜೆಸ್ಕಾಂನವರು ಯಾವಾಗ ಕರೆಂಟ್ ತೆಗೆಯುತ್ತಾರೋ ದೇವರಿಗೇ ಗೊತ್ತು. ಜನವರಿಯಲ್ಲಿ ಮೊದಲ ಇಂಟರ್‌ವ್ಯೂ ಮೇಲ್ ಬಂದಾಗ ನನಗೆ ಕೆಲಸಕ್ಕಿಂತ ಸದ್ದಿನ ಚಿಂತೆಯೇ ಜಾಸ್ತಿಯಾಯಿತು. ಗೆಳತಿಯೊಬ್ಬಳು ಈ ಅಂಗಡಿ ಹೇಳಿದಳು.

ರೇಟು ಹೀಗಿದೆ. ಬರೀ ಕ್ಯಾಬಿನ್ ಗಂಟೆಗೆ 150. ಅಭ್ಯಾಸದ ಇಂಟರ್‌ವ್ಯೂ, ಅಂಗಡಿಯವರೇ ಪಕ್ಕದ ಕ್ಯಾಬಿನ್‌ನಿಂದ ಪ್ರಶ್ನೆ ಕೇಳಿ ರೆಕಾರ್ಡ್ ಮಾಡಿ ತೋರಿಸುವುದು, ಮುಕ್ಕಾಲು ಗಂಟೆಗೆ 600. ಬಯೋಡೇಟಾ ತಿದ್ದಲು 200, ಅದನ್ನು ನಾನು ಮಾಡಿಸಲಿಲ್ಲ. ಟೀ ಫ್ರೀ ಅಂತ ಹೇಳುತ್ತಾರೆ, ನಾಲ್ಕು ಸಲ ಹೋದೆ, ಒಂದೇ ಸಲ ಬಂತು.

ಅಂಗಡಿಯವರಿಗೆ ಐವತ್ತರ ಮೇಲಾಗಿರಬಹುದು. ಎಲ್ಲರೂ ಅಣ್ಣ ಅಂತಾರೆ, ನಾನೂ ಅಣ್ಣ ಅಂದೆ. ಹಿಂದೆ ಫೋಟೋ ಸ್ಟುಡಿಯೋ ಇಟ್ಟಿದ್ದರಂತೆ, ಎಲ್ಲರ ಕೈಗೂ ಮೊಬೈಲ್ ಬಂದ ಮೇಲೆ ಅದು ಮುಚ್ಚಿತು. ಅದು ಕೂತ ತಕ್ಷಣ ಗೊತ್ತಾಗುತ್ತದೆ. "ಕುಂದ್ರಮ್ಮ" ಅಂದವರೇ ನನ್ನ ಮುಖ ನೋಡಲಿಲ್ಲ, ಮುಖದ ಮೇಲಿನ ಬೆಳಕು ನೋಡಿದರು. ನನಗೆ ಕನ್ನಡಕ ಇದೆ. ಎಲ್ಲರೂ ಇಡುವ ಆ ಗುಂಡು ರಿಂಗ್ ಲೈಟನ್ನು ಪಕ್ಕಕ್ಕೆ ತಳ್ಳಿ, "ಇದು ಹಚ್ಚಿದರೆ ನಿನ್ನ ಕಣ್ಣಾಗೆ ಎರಡು ಬಳೆ ಕಾಣ್ತಾವೆ" ಅಂದರು. ಒಂದು ಟೇಬಲ್ ಲ್ಯಾಂಪ್ ತಂದು, ಅದರ ಮುಂದೆ ಬಟರ್ ಪೇಪರ್ ಅಂಟಿಸಿ, ಲ್ಯಾಪ್‌ಟಾಪಿನ ಹಿಂದೆ ಸ್ವಲ್ಪ ಎತ್ತರದಲ್ಲಿ, ಸ್ವಲ್ಪ ಎಡಕ್ಕೆ ಇಟ್ಟರು. ಕನ್ನಡಕದ ಮಿಂಚು ಹೋಯಿತು. ಕಣ್ಣು ಕಂಡವು. ನನ್ನ ಹಿಂದಿದ್ದ ಕಿಟಕಿಗೆ ಪರದೆ ಎಳೆದರು. ಬೆಳಕು ಬೆನ್ನ ಹಿಂದಿದ್ದರೆ ಕ್ಯಾಮೆರಾ ಅದನ್ನೇ ನೋಡಿ ನಮ್ಮ ಮುಖವನ್ನು ಕಪ್ಪು ಮಾಡುತ್ತದೆ.

ಲ್ಯಾಪ್‌ಟಾಪ್ ಕೆಳಗೆ ಎರಡು ಹಳೇ ಎಸ್ಸೆಸ್ಸೆಲ್ಸಿ ಗೈಡು. ಕ್ಯಾಮೆರಾ ಕಣ್ಣಿನ ಮಟ್ಟಕ್ಕೆ ಬರಬೇಕು, ಇಲ್ಲದಿದ್ದರೆ ನೋಡುವವರಿಗೆ ನಮ್ಮ ಮೂಗಿನ ಹೊಳ್ಳೆ ಮತ್ತು ಫ್ಯಾನು ಮಾತ್ರ ಕಾಣುತ್ತದೆ. ಆಮೇಲೆ ಒಂದು ಕೆಲಸ ಮಾಡಿದರು, ಅದಕ್ಕೇ 150 ಸಾರ್ಥಕ ಅನ್ನಿಸಿತು. "ಬೊಟ್ಟಿನ ಹಾಳೆ ಐತೇನಮ್ಮ ಬ್ಯಾಗಿನಾಗೆ?" ಅಂದರು. ಇತ್ತು. ಒಂದು ಕೆಂಪು ಸ್ಟಿಕ್ಕರ್ ಬೊಟ್ಟು ತೆಗೆದು ಕ್ಯಾಮೆರಾ ಪಕ್ಕಕ್ಕೆ ಅಂಟಿಸಿದರು. "ಮಾತಾಡೋವಾಗ ಇದನ್ನ ನೋಡು. ಕೇಳೋವಾಗ ಅವರನ್ನ ನೋಡು." ಸ್ಕ್ರೀನಿನಲ್ಲಿ ಅವರ ಮುಖ ನೋಡಿಕೊಂಡು ಮಾತಾಡಿದರೆ ಅವರಿಗೆ ನಾವು ತಲೆ ತಗ್ಗಿಸಿ ಸುಳ್ಳು ಹೇಳಿದ ಹಾಗೆ ಕಾಣುತ್ತೇವೆ. ಆ ಕ್ಯಾಬಿನ್ನಿನ ಮಾನಿಟರುಗಳ ಅಂಚಿನಲ್ಲಿ ಹಳೇ ಬೊಟ್ಟುಗಳ ಒಂದು ಸಾಲೇ ಇದೆ, ಎಷ್ಟು ಹುಡುಗಿಯರು ಬಂದು ಹೋಗಿದ್ದಾರೋ. ಹುಡುಗರಿಗೆ ಏನು ಅಂಟಿಸುತ್ತಾರೆ ಅಂತ ಕೇಳಿದೆ, "ಅವರಿಗೂ ಅದೇ" ಅಂದರು.

ನೆಟ್ಟು ವೈಫೈ ಅಲ್ಲ, ಕೇಬಲ್. ರೂಟರಿಗೂ ಯುಪಿಎಸ್ ಇದೆ, ಕರೆಂಟ್ ಹೋದರೆ ಇಪ್ಪತ್ತು ನಿಮಿಷ ನಡೆಯುತ್ತದೆ. ಬೇರೆ ಕಂಪನಿಯ ಸಿಮ್ ಹಾಕಿದ ಫೋನನ್ನು ಹಾಟ್‌ಸ್ಪಾಟ್‌ಗೆ ರೆಡಿ ಇಡಿಸುತ್ತಾರೆ. ವೈರು ಇರುವ ಇಯರ್‌ಫೋನ್ ಕಡ್ಡಾಯ, ಬ್ಲೂಟೂತ್ ಕಿವಿಯಲ್ಲೇ ಸತ್ತು ಹೋದ ಕಥೆ ಅವರ ಹತ್ತಿರ ಹತ್ತಾರು ಇವೆ. ಹತ್ತು ನಿಮಿಷ ಮೊದಲೇ ಲಿಂಕ್ ತೆಗೆದು ನೋಡಬೇಕು. ನನ್ನದು ತೆಗೆದಾಗ ಹೆಸರಿನ ಜಾಗದಲ್ಲಿ ಅಮ್ಮನ ಬ್ಲೌಸ್ ಹೊಲಿಯುವ ಅಂಗಡಿಯ ಹೆಸರು ಬಂತು, ಲೇಡೀಸ್ ಟೈಲರ್ ಅಂತ ಸಮೇತ, ಯಾಕಂದ್ರೆ ಲ್ಯಾಪ್‌ಟಾಪಿನಲ್ಲಿ ಅವಳ ಮೇಲ್ ಐಡಿ ಇತ್ತು. ಸದ್ಯ ಆಗಲೇ ಕಂಡಿತು.

ಇಷ್ಟೆಲ್ಲ ಚೆನ್ನಾಗಿ ಮಾಡಿದ ಮನುಷ್ಯ ಕೊನೆಗೆ ಒಂದು ತಪ್ಪು ಮಾಡಿದರು. ಕ್ಯಾಬಿನ್ನಿನ ಗೋಡೆ ಪ್ಲೈವುಡ್, ಅದರ ಮೇಲೆ ಯಾರೋ ಪೆನ್ನಿನಲ್ಲಿ ಫೋನ್ ನಂಬರ್ ಬರೆದಿದ್ದರು. "ಇದು ಬೇಡ, ನೀನು ಹೌಸಿಂಗ್ ಕೆಲಸಕ್ಕೆ ಹೊಂಟೀಯಲ್ಲ, ಚಂದದ ಮನೆ ಇರಲಿ ಹಿಂದೆ" ಅಂತ ನಕಲಿ ಹಿನ್ನೆಲೆ ಹಾಕಿದರು. ಬಿಳಿ ಸೋಫಾ, ಬೂದು ಬಣ್ಣದ ದಿಂಬು, ಮೂಲೆಯಲ್ಲಿ ಎಲೆ ಅಗಲದ ಒಂದು ಗಿಡ, ದೊಡ್ಡ ಗಾಜಿನ ಕಿಟಕಿ. ಕನ್ನಡಿಯಲ್ಲಿ ನೋಡಿದ ಹಾಗೆ ನೋಡಿಕೊಂಡೆ. ಒಂಥರಾ ಖುಷಿಯೂ ಆಯಿತು, ಸುಳ್ಳು ಯಾಕೆ ಹೇಳಲಿ.

ಆ ಇಂಟರ್‌ವ್ಯೂ ಒಂದು ಗೃಹಸಾಲ ಕಂಪನಿಯದು, ಮನೆ ಮನೆಗೆ ಹೋಗಿ ಅರ್ಜಿದಾರರನ್ನು ನೋಡಿ ಬರುವ ಕೆಲಸ. ಇಬ್ಬರಿದ್ದರು. ಕೈ ಎತ್ತಿ ನಮಸ್ಕಾರ ಮಾಡಿದೆ, ನನ್ನ ಬೆರಳುಗಳು ಸೋಫಾದೊಳಗೆ ಮಾಯವಾದವು. ತಲೆ ಅಲ್ಲಾಡಿಸಿದರೆ ಒಂದು ಕಿವಿ ಹೋಗುತ್ತದೆ, ಬರುತ್ತದೆ. ಅವರಲ್ಲಿ ಹಿರಿಯರು ಸ್ವಲ್ಪ ಹೊತ್ತು ಸುಮ್ಮನಿದ್ದು, ನಗುತ್ತಾ ಕೇಳಿದರು:

"ಮೇಡಂ, ಹಿಂದೆ ಕಾಣ್ತಿರೋ ಮನೆ ಚೆನ್ನಾಗಿದೆ. ವ್ಯಾಲ್ಯುಯೇಷನ್ ಎಷ್ಟಾಗಬಹುದು ಹೇಳಿ ನೋಡೋಣ."

ತಮಾಷೆಗೆ ಕೇಳಿದ್ದು. ಆದರೆ ನನ್ನ ಬಾಯಿ ಒಣಗಿತು. ತಮಾಷೆಗೇ ಉತ್ತರ ಕೊಡಬಹುದಿತ್ತು, "ಖಾತಾ ನೋಡದೆ ಹೇಳಲ್ಲ ಸರ್" ಅಂದಿದ್ದರೆ ಸಾಕಿತ್ತು. ಈ ಉತ್ತರ ನನಗೆ ಹೊಳೆದದ್ದು ರಾತ್ರಿ ಹನ್ನೊಂದಕ್ಕೆ, ಹಾಸಿಗೆಯಲ್ಲಿ. ಆಗ ಮಾತ್ರ "ಅದು ಬ್ಯಾಕ್‌ಗ್ರೌಂಡ್ ಸರ್" ಅಂತ ತಪ್ಪು ಒಪ್ಪಿಕೊಂಡವಳ ಹಾಗೆ ಹೇಳಿದೆ. ದಿನವೂ ಮನೆಗಳ ಫೋಟೋ ನೋಡಿ, ಇದು ನಿಜವಾ ಸುಳ್ಳಾ ಅಂತ ಲೆಕ್ಕ ಹಾಕುವುದೇ ಅವರ ಕಸುಬು. ಅಂಥವರ ಮುಂದೆ ಇಲ್ಲದ ಮನೆಯೊಂದನ್ನು ಬೆನ್ನ ಹಿಂದೆ ಇಟ್ಟುಕೊಂಡು ಕೂತಿದ್ದೆ.

ಮುಂದಿನ ಪ್ರಶ್ನೆ ನಿಜವಾದದ್ದು. ಜೀನ್ಸ್ ಘಟಕದಲ್ಲಿ ಪೀಸ್ ಲೆಕ್ಕದಲ್ಲಿ ಹೊಲಿಯುವವರು ಸಾಲ ಕೇಳುತ್ತಾರೆ, ಸಂಬಳದ ಚೀಟಿ ಇಲ್ಲ, ವಾರದ ಕೂಲಿ ಕೈಗೇ ಬರುತ್ತದೆ, ಅವರ ಆದಾಯ ಹೇಗೆ ಅಂದಾಜು ಮಾಡುತ್ತೀರಿ? ನಮ್ಮ ಕೆಳಗಿನ ಮನೆಯದೇ ಪ್ರಶ್ನೆ ಅದು. ಆರು ಮಷೀನು ಯಾವ ತಿಂಗಳು ಓಡುತ್ತವೆ, ಯಾವ ತಿಂಗಳು ನಿಂತಿರುತ್ತವೆ ಅಂತ ನನ್ನ ಸ್ಟೀಲ್ ಲೋಟಕ್ಕೂ ಗೊತ್ತು. ಕರೆಂಟ್ ಬಿಲ್ಲು ನೋಡಬಹುದು, ಬಟ್ಟೆ ಕೊಡುವ ಮಾಲೀಕನ ಲೆಕ್ಕದ ಪುಸ್ತಕ ನೋಡಬಹುದು, ಸಂಘದ ಸಾಲ ತಪ್ಪದೆ ಕಟ್ಟಿದ್ದಾರಾ ಅಂತ ಪಾಸ್‌ಬುಕ್ಕಿನಲ್ಲಿ ನೋಡಬಹುದು, ಮಕ್ಕಳ ಫೀಸು, ಮನೆ ಬಾಡಿಗೆ ಕಳೆದು ಎಷ್ಟು ಉಳಿಯುತ್ತದೆ ಅಂತ ಅವರ ಹೆಂಡತಿಯನ್ನು ಕೇಳಬಹುದು, ಅವರಿಗೇ ಸರಿಯಾಗಿ ಗೊತ್ತಿರುತ್ತದೆ. ನಾಲ್ಕು ವರ್ಷ ಸಂಘಗಳಲ್ಲಿ ನಾನು ಮಾಡಿದ್ದೇ ಇದು. ಆದರೆ ಅಣ್ಣ ಕೊಟ್ಟ ಉತ್ತರದ ಹಾಳೆ ತಲೆಯಲ್ಲಿ ಕೂತಿತ್ತು. ನಾನು ಇಂಗ್ಲಿಷಿನಲ್ಲಿ ನಾನು ಕಷ್ಟಪಟ್ಟು ದುಡಿಯುವವಳು, ತಂಡದ ಜೊತೆ ಹೊಂದಿಕೊಳ್ಳುವವಳು ಅಂತ ಶುರು ಮಾಡಿದೆ. ಅವರು ತಾಳ್ಮೆಯಿಂದ ಕೇಳಿದರು. ಸಾಲ ಮನೆ ಬೆಲೆಯ ಎಷ್ಟು ಪಾಲು ಕೊಡಬಹುದು ಅಂದರು. 30 ಲಕ್ಷದವರೆಗಿನ ಸಾಲಕ್ಕೆ ಶೇ. 90ರವರೆಗೆ, ಅದರ ಮೇಲೆ 75 ಲಕ್ಷದವರೆಗೆ ಶೇ. 80, ಇನ್ನೂ ದೊಡ್ಡದಾದರೆ ಶೇ. 75. ಇದು ಓದಿದ್ದೆ, ಹೇಳಿದೆ. ಹಳ್ಳಿ ಕಡೆಯ ಮನೆಗೆ ಪಂಚಾಯಿತಿಯಿಂದ ಯಾವ ಕಾಗದ ನೋಡುತ್ತೀರಿ ಅಂದರು, ನಮೂನೆ 9, ನಮೂನೆ 11 ಅಂತ ಬಾಯಿಗೆ ಬರಲಿಲ್ಲ. ಕೆಲಸ ಸಿಗಲಿಲ್ಲ.

ಆ ಉತ್ತರದ ಹಾಳೆ ಬಗ್ಗೆ ಹೇಳಿಬಿಡಬೇಕು. ಎರಡು ಪುಟ, ಜೆರಾಕ್ಸ್‌ನ ಜೆರಾಕ್ಸ್. ಬ್ಯಾಂಕಿಗೆ ಹೋಗುವವನಿಗೂ ಅದೇ, ಸಾಫ್ಟ್‌ವೇರಿಗೆ ಹೋಗುವವಳಿಗೂ ಅದೇ, ತೋರಣಗಲ್ಲಿನ ಸ್ಟೀಲ್ ಕಾರ್ಖಾನೆಗೆ ಹೋಗುವವನಿಗೂ ಅದೇ. ನಿಮ್ಮ ದೌರ್ಬಲ್ಯ ಏನು ಅಂದರೆ ಎಲ್ಲವೂ ಅಚ್ಚುಕಟ್ಟಾಗಿರಬೇಕು ಅನ್ನುವ ಹಟ ಅಂತ ಹೇಳಬೇಕಂತೆ. ಬಳ್ಳಾರಿಯ ಅರ್ಧ ಹುಡುಗರ ದೌರ್ಬಲ್ಯ ಈಗ ಅಚ್ಚುಕಟ್ಟು! ಪಕ್ಕದ ಕ್ಯಾಬಿನ್ನಿನವನು ಇದನ್ನೇ ಹೇಳುವುದು ಪ್ಲೈವುಡ್ಡಿನ ಈಚೆಗೆ ಕೇಳಿಸುತ್ತದೆ. ಇದು ಎರಡನೇ ದೂರು, ಗೋಡೆ ತೆಳ್ಳಗಿದೆ. ನನ್ನ ಇಂಟರ್‌ವ್ಯೂ ನಡುವೆ ಅವನು ಯಾವುದೋ ಕಾಲ್ ಸೆಂಟರಿನವರಿಗೆ "ಯೆಸ್ ಸರ್, ಡೆಫಿನೆಟ್ಲಿ ಸರ್" ಅಂತ ಕೂಗುತ್ತಿದ್ದ.

ಇಷ್ಟಾದರೂ ಎರಡನೇ ಸಲ ಹೋದೆ. ಈ ಸಲ 600 ಕೊಟ್ಟು ಅಭ್ಯಾಸ ಮಾಡಿಸಿದೆ, ಸೋಫಾ ಬೇಡ ಅಂದೆ, ಹಾಳೆಯೂ ಬೇಡ ಅಂದೆ. ಅಣ್ಣ ಸ್ವಲ್ಪ ಮುಖ ಊದಿಸಿಕೊಂಡರು. ಆದರೆ ಕೆಲಸ ಬಿಡಲಿಲ್ಲ.

ಈಗ ಪುಟಾಣಿ. ಮೇಜಿನ ಮೇಲೆ ಒಂದು ಬಟ್ಟಲಲ್ಲಿ ಪುಟಾಣಿ, ಪಕ್ಕದಲ್ಲಿ ಖಾಲಿ ತಟ್ಟೆ. ನಾನು ಮಾತಾಡುತ್ತಾ ಹೋದ ಹಾಗೆ ಅವರು ಒಂದೊಂದೇ ಪುಟಾಣಿ ತಟ್ಟೆಗೆ ಹಾಕುತ್ತಾ ಹೋದರು. ಯಾಕೆ ಅಂತ ಗೊತ್ತಾಗಲಿಲ್ಲ. ಹನ್ನೆರಡು ನಿಮಿಷ ಆದ ಮೇಲೆ ನಿಲ್ಲಿಸಿ ಎಣಿಸಿದರು, ಮೂವತ್ತೊಂದು. ಅಷ್ಟು ಸಲ ನಾನು "ಅಂದ್ರೆ" ಅಂದಿದ್ದೆ. ಆಮೇಲೆ ಮೂವತ್ತೊಂದನ್ನೂ ಬಾಯಿಗೆ ಹಾಕಿಕೊಂಡರು. "ಇನ್ನೊಂದು ಸಲ ಹೇಳು. ಅಂದ್ರೆ ಬರೋ ಜಾಗದಾಗೆ ಬಾಯಿ ಮುಚ್ಚಿ ಉಸಿರು ತಗೋ." ಮೂರನೇ ಸುತ್ತಿಗೆ ಒಂಬತ್ತಕ್ಕೆ ಇಳಿಯಿತು. ಪ್ರಶ್ನೆ ಮುಗಿದ ಮೇಲೆ ಒಂದು ಕ್ಷಣ ಬಿಟ್ಟು ಉತ್ತರ ಶುರು ಮಾಡಬೇಕು ಅನ್ನುವುದನ್ನೂ ಅವರೇ ಹೇಳಿದ್ದು. ನೆಟ್ಟಿನಲ್ಲಿ ದನಿ ಸ್ವಲ್ಪ ತಡವಾಗಿ ತಲುಪುತ್ತದೆ, ನಾವು ಅವಸರ ಮಾಡಿದರೆ ಅವರ ಕೊನೆಯ ಮಾತಿನ ಮೇಲೆ ಹತ್ತಿಬಿಡುತ್ತೇವೆ, ಜಗಳಗಂಟಿ ಅನ್ನಿಸಿಕೊಳ್ಳುತ್ತೇವೆ. ಕೇಳಿಸದಿದ್ದರೆ ಕೇಳಿಸಲಿಲ್ಲ ಅಂತ ಹೇಳಬೇಕು, ಊಹೆ ಮಾಡಿ ಉತ್ತರ ಕೊಡಬಾರದು. ಚಿಕ್ಕ ಚೌಕುಳಿಯ ಕುರ್ತಾ ಹಾಕಬೇಡ, ಕ್ಯಾಮೆರಾದಲ್ಲಿ ಇರುವೆ ಹರಿದ ಹಾಗೆ ಕಾಣುತ್ತದೆ ಅಂದರು. ಅದೂ ನಿಜ.

ಎರಡನೇ ಇಂಟರ್‌ವ್ಯೂ ಬೆಂಗಳೂರಿನಲ್ಲಿ ಕೆಲಸ ಮಾಡುವ ಹೆಣ್ಣುಮಕ್ಕಳಿಗೆ ಹಾಸ್ಟೆಲ್ ನಡೆಸುವ ಕಂಪನಿಯದು. ಹುದ್ದೆಗೆ ಏನೋ ದೊಡ್ಡ ಇಂಗ್ಲಿಷ್ ಹೆಸರು, ನಮ್ಮ ಲೆಕ್ಕದಲ್ಲಿ ವಾರ್ಡನ್. ನಾಟಕದ ಹಾಗೆ ಒಂದು ಸನ್ನಿವೇಶ ಕೊಟ್ಟರು. ರಾತ್ರಿ ಹನ್ನೊಂದೂ ಮುಕ್ಕಾಲು, ಮೂರನೇ ಮಹಡಿಯಲ್ಲಿ ನೀರು ಬರುತ್ತಿಲ್ಲ, ನಾಲ್ಕು ಹುಡುಗಿಯರು ನಿಮ್ಮ ಬಾಗಿಲು ಬಡಿಯುತ್ತಿದ್ದಾರೆ, ಒಬ್ಬಳು ವಿಡಿಯೋ ಮಾಡುತ್ತಿದ್ದಾಳೆ. ಏನು ಮಾಡುತ್ತೀರಿ?

ನಾನು ಓದುವಾಗ ಹಾಸ್ಟೆಲಿನಲ್ಲಿದ್ದೆ, ಏಪ್ರಿಲ್‌ನಲ್ಲಿ ಮೋಟರು ಸುಟ್ಟು ಮೂರು ದಿನ ನೀರಿರಲಿಲ್ಲ. ಬಳ್ಳಾರಿಯ ಏಪ್ರಿಲ್ ಹೇಗಿರುತ್ತದೆ ಅಂತ ಇಲ್ಲಿಯವರಿಗೆ ಹೇಳಬೇಕಿಲ್ಲ. ಆಗ ಟ್ಯಾಂಕರ್ ಬಂದರೆ ಗಟ್ಟಿಗಿತ್ತಿಯರಿಗೆ ನಾಲ್ಕು ಬಕೆಟ್, ಮೆತ್ತಗಿನವರಿಗೆ ಸೊನ್ನೆ. ನಾನು ಮತ್ತು ಇನ್ನೊಬ್ಬಳು ರೂಮ್ ನಂಬರ್ ಪ್ರಕಾರ ಚೀಟಿ ಬರೆದು, ತಲೆಗೆ ಎರಡು ಬಕೆಟ್ ಅಂತ ಮಾಡಿದೆವು, ಹುಷಾರಿಲ್ಲದ ಇಬ್ಬರಿಗೆ ಮೊದಲು. ಅದನ್ನೇ ಹೇಳಿದೆ. ಏನಾಗಿತ್ತು, ನಾನೇನು ಮಾಡಿದೆ, ಆಮೇಲೆ ಏನಾಯಿತು, ಈ ಮೂರು ಮೆಟ್ಟಿಲಲ್ಲಿ ಹೇಳು ಅಂತ ಅಣ್ಣ ತಿದ್ದಿದ್ದರು, ಅದು ಇಲ್ಲಿ ಉಪಯೋಗಕ್ಕೆ ಬಂತು. ವಿಡಿಯೋ ಮಾಡುವವಳಿಗೆ ಏನು ಹೇಳುತ್ತೀರಿ ಅಂದಾಗ, ಮಾಡಮ್ಮ, ಟ್ಯಾಂಕರಿನವನಿಗೆ ಫೋನ್ ಹಚ್ಚಿದ್ದನ್ನೂ ಮಾಡು ಅಂತ ಹೇಳುತ್ತೇನೆ ಅಂದೆ. ನಕ್ಕರು.

ಕೊನೆಗೆ ನಿಮ್ಮದೇನಾದರೂ ಪ್ರಶ್ನೆ ಇದೆಯಾ ಅಂತ ಕೇಳಿದರು. ಹಾಳೆಯ ಪ್ರಕಾರ "ಈ ಸಂಸ್ಥೆಯ ದೂರದೃಷ್ಟಿ ಏನು" ಅಂತ ಕೇಳಬೇಕಿತ್ತು. ನಾನು ವಾರ್ಡನ್ ಇರುವ ರೂಮಿಗೆ ಕಿಟಕಿ ಇದೆಯಾ, ವಾರಕ್ಕೆ ಎಷ್ಟು ರಾತ್ರಿ ಫೋನ್ ಆಫ್ ಮಾಡಿ ಮಲಗಬಹುದು ಅಂತ ಕೇಳಿದೆ. ಒಂದೂ ಇಲ್ಲ ಅಂತ ಗೊತ್ತಾಯಿತು. ರೂಮು ನೆಲಮಾಳಿಗೆಯಲ್ಲಿ. ಎರಡು ದಿನ ಬಿಟ್ಟು, ಆಯ್ಕೆಯಾಗಿದ್ದೀರಿ ಅಂತ ಮೇಲ್ ಬಂತು, ನಾನೇ ಬೇಡ ಅಂದೆ. ಮನೆಯಲ್ಲಿ ಬೈಸಿಕೊಂಡೆ, ಅದು ಈ ವಿಮರ್ಶೆಗೆ ಸಂಬಂಧವಿಲ್ಲ.

ನಡುವೆ ಅಣ್ಣ ಮಾಡಿದ ಒಂದು ಉಪಕಾರ ಮರೆಯುವ ಹಾಗಿಲ್ಲ. ವಾಟ್ಸಾಪಿನಲ್ಲಿ ಒಂದು ಇಂಟರ್‌ವ್ಯೂ ಕರೆ ಬಂದಿತ್ತು, ವಸತಿ ಯೋಜನೆ ಸರ್ವೆ ಮಾಡುವ ಕೆಲಸ, ಒಳ್ಳೇ ಸಂಬಳ. ಕ್ಯಾಬಿನ್ ಬುಕ್ ಮಾಡಲು ಹೋದಾಗ ಸುಮ್ನೆ ತೋರಿಸಿದೆ. ಐಡಿ ಕಾರ್ಡು, ಟ್ಯಾಬ್‌ಗೆ ಅಂತ ಮೊದಲೇ 2,500 ಕಟ್ಟಬೇಕು ಅಂತ ಕೊನೇ ಸಾಲಿನಲ್ಲಿತ್ತು. "ಕೆಲಸ ಕೊಡೋರು ರೊಕ್ಕ ಕೇಳ್ತಾರೇನಮ್ಮ?" ಅಂದು ಬುಕಿಂಗ್ ಬರೆದುಕೊಳ್ಳಲಿಲ್ಲ. 150 ರೂಪಾಯಿ ಗಿರಾಕಿಯನ್ನು ಬಿಟ್ಟರು. ಮೂರೂವರೆಯಲ್ಲಿ ಅರ್ಧ ಮಾರ್ಕ್ಸು ಇದಕ್ಕೇ.

ಮೂರನೆಯದು ನನಗೆ ನಿಜವಾಗಿ ಬೇಕಿದ್ದ ಕೆಲಸ. ಒಂದು ಪಟ್ಟಣದ ವಸತಿ ಯೋಜನೆಗೆ ಗುತ್ತಿಗೆ ಮೇಲೆ, ಫಲಾನುಭವಿಗಳ ಜೊತೆ ಮಾತಾಡುವ, ಅರ್ಜಿ ನೋಡುವ, ಕಟ್ಟಡ ಎಲ್ಲಿಗೆ ಬಂತು ಅಂತ ಹಿಂಬಾಲಿಸುವ ಕೆಲಸ. ಇದಕ್ಕೆ ಅಂಗಡಿಯಲ್ಲಿ ಹೇಳಿಕೊಡುವವರು ಯಾರೂ ಇಲ್ಲ. ಡೈರಿಯಲ್ಲಿ ನಾನೇ ಬರೆದುಕೊಂಡೆ. ಯಾರಿಗಾದರೂ ಬೇಕಾದೀತು ಅಂತ ಹಾಕುತ್ತೇನೆ. ಪ್ರಧಾನಮಂತ್ರಿ ಆವಾಸ್ ನಗರ ಯೋಜನೆ ಶುರುವಾದದ್ದು 2015ರ ಜೂನ್‌ನಲ್ಲಿ, ಎರಡನೇ ಹಂತ 2024ರ ಸೆಪ್ಟೆಂಬರ್‌ನಲ್ಲಿ. ವರ್ಷಕ್ಕೆ 3 ಲಕ್ಷದವರೆಗೆ ಆದಾಯ ಇದ್ದರೆ ಆರ್ಥಿಕವಾಗಿ ದುರ್ಬಲ ವರ್ಗ, 6 ಲಕ್ಷದವರೆಗೆ ಕಡಿಮೆ ಆದಾಯದ ವರ್ಗ. ದೇಶದಲ್ಲಿ ಎಲ್ಲೂ ಪಕ್ಕಾ ಮನೆ ಇರಬಾರದು. ಮನೆ ಹೆಣ್ಣುಮಗಳ ಹೆಸರಿನಲ್ಲಿ ಅಥವಾ ಗಂಡ ಹೆಂಡತಿ ಇಬ್ಬರ ಹೆಸರಿನಲ್ಲಿ ಇರಬೇಕು. ಹಳ್ಳಿಗಳದು ಬೇರೆ ಯೋಜನೆ, 2016ರಿಂದ, ಬಯಲು ಸೀಮೆಗೆ ಮನೆಗೆ 1.20 ಲಕ್ಷ, ಕನಿಷ್ಠ 25 ಚದರ ಮೀಟರ್. ನಮ್ಮ ರಾಜ್ಯದಲ್ಲಿ ಬಸವ ವಸತಿ, ಅಂಬೇಡ್ಕರ್ ನಿವಾಸ ಇವನ್ನೆಲ್ಲ ನೋಡಿಕೊಳ್ಳುವುದು 2000ದಲ್ಲಿ ಶುರುವಾದ ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮ. ಹಣ ಒಂದೇ ಸಲ ಬರುವುದಿಲ್ಲ, ಬುನಾದಿ, ಗೋಡೆ, ಛಾವಣಿ ಅಂತ ಹಂತ ಹಂತಕ್ಕೆ ಸ್ಥಳದ ಗುರುತಿನ ಸಮೇತ ಫೋಟೋ ಏರಿಸಿದ ಮೇಲೆ ಬರುತ್ತದೆ.

ಇದರ ಅಭ್ಯಾಸಕ್ಕೆ ಇನ್ನೊಮ್ಮೆ 600 ಕೊಟ್ಟು ಹೋದೆ. ಅಣ್ಣನಿಗೂ ನನಗೂ ಜಗಳವಾದದ್ದು ಭಾಷೆಗೆ. ಇಂಗ್ಲಿಷ್ ಬಿಡಬೇಡ, ಕನ್ನಡ ಮಾತಾಡಿದರೆ ಹಳ್ಳಿಯವಳು ಅಂತಾರೆ ಅನ್ನುವುದು ಅವರ ವಾದ. ಹಳ್ಳಿಯವರ ಜೊತೆ ಮಾತಾಡಲಿಕ್ಕೇ ತಾನೇ ಅಣ್ಣ ನನ್ನನ್ನು ತಗೊಳ್ಳೋದು ಅಂದೆ. ನನಗೆ ಕನ್ನಡ ಬರುತ್ತದೆ, ತೆಲುಗು ಬರುತ್ತದೆ, ಕೌಲ್ ಬಜಾರಿನಲ್ಲಿ ಬೆಳೆದ ಮೇಲೆ ಉರ್ದು ಕೂಡ ಅಷ್ಟಿಷ್ಟು. ಇದನ್ನು ಬಯೋಡೇಟಾದ ಕೊನೆಯ ಸಾಲಿಗೆ ತಳ್ಳುವ ಬದಲು ಮೊದಲ ಮಾತಾಗಿ ಹೇಳಬೇಕು ಅನ್ನುವುದು ನನ್ನ ವಾದ. ಅವರು ಒಪ್ಪಲಿಲ್ಲ. ಪುಟಾಣಿ ಎಣಿಸುವುದೂ ನಿಲ್ಲಲಿಲ್ಲ.

ಇಂಟರ್‌ವ್ಯೂ ಒಂದು ಮಂಗಳವಾರ, ಮಾರ್ಚ್‌ನಲ್ಲಿ. ಕ್ಯಾಬಿನ್ನಿಗೆ ಮುಂಗಡ 150 ಕಟ್ಟಿದ್ದೆ. ಆ ದಿನವೇ ನಮ್ಮೂರ ಕನಕದುರ್ಗಮ್ಮನ ಸಿಡಿಬಂಡಿ ಜಾತ್ರೆ. ನಾನು ತಾರೀಕು ನೋಡಿದ್ದೆ, ವಾರ ನೋಡಿರಲಿಲ್ಲ. ಊರ ತುಂಬ ಜನ, ಹಳ್ಳಿಗಳಿಂದ ಬಂದ ಗಾಡಿಗಳು, ಆಟೋ ಸಿಗುವುದಿಲ್ಲ, ಸಿಕ್ಕರೂ ಓಡುವುದಿಲ್ಲ. ಅಣ್ಣ ಫೋನ್ ಮಾಡಿ, ಅಂಗಡಿ ಮಧ್ಯಾಹ್ನ ಮುಚ್ಚುತ್ತೇನೆ, ಹರಕೆ ಇದೆ ಅಂದರು. ನನ್ನ ಇಂಟರ್‌ವ್ಯೂ ಎರಡೂವರೆಗೆ. ಇದು ಮೂರನೇ ದೂರು, ಮುಂಗಡ ತೆಗೆದುಕೊಂಡವರು ಹಿಂದಿನ ದಿನವಾದರೂ ಹೇಳಬೇಕಲ್ವಾ?

ಮನೆಯಲ್ಲೇ ಕೂತೆ. ಅಜ್ಜಿಯ ಟ್ರಂಕಿನ ಮೇಲೆ ಲ್ಯಾಪ್‌ಟಾಪ್, ಅದರ ಕೆಳಗೆ ರೇಷನ್ ಅಂಗಡಿಯ ಹಳೇ ಲೆಕ್ಕದ ಪುಸ್ತಕಗಳು. ಟೇಬಲ್ ಲ್ಯಾಂಪಿಗೆ ಬಟರ್ ಪೇಪರ್ ಇರಲಿಲ್ಲ, ಅಮ್ಮ ಬ್ಲೌಸ್ ಅಳತೆ ಕತ್ತರಿಸುವ ತೆಳು ಕಾಗದ ಸಿಕ್ಕಿತು. ಕ್ಯಾಮೆರಾ ಪಕ್ಕ ಕೆಂಪು ಬೊಟ್ಟು. ಹಿಂದೆ ನಮ್ಮ ಗೋಡೆ, ಸುಣ್ಣದ್ದು, ಬಲಗಡೆ ಮೂಲೆಯಲ್ಲಿ ಮಳೆಗಾಲದಲ್ಲಿ ನೆಂದು ಹಳದಿಯಾದ ಗುರುತು. ಕ್ಯಾಲೆಂಡರ್ ತೂಗಿಹಾಕಿ ಮುಚ್ಚೋಣ ಅನ್ನಿಸಿತು, ಬಿಟ್ಟೆ. ಹಬ್ಬ ಅಂತ ಕೆಳಗಿನ ಮಷೀನುಗಳು ನಿಂತಿದ್ದವು. ಅದು ಅಮ್ಮನವರ ಕೃಪೆ ಅಂತಲೇ ಅಜ್ಜಿ ಈಗಲೂ ಹೇಳುವುದು.

ಮೂವರಿದ್ದರು. ಮೊದಲೇ "ನಾನು ಮನೆಯಿಂದ ಮಾತಾಡ್ತಿದೀನಿ, ಇವತ್ತು ಊರ ಜಾತ್ರೆ, ಡೊಳ್ಳಿನ ಸದ್ದು ಬರಬಹುದು, ಬಂದರೆ ಮೈಕ್ ಒಂದು ಕ್ಷಣ ಮುಚ್ಚುತ್ತೀನಿ" ಅಂತ ಹೇಳಿದೆ. ಪರವಾಗಿಲ್ಲ ಅಂದರು. ಕನ್ನಡದಲ್ಲಿ ಉತ್ತರ ಕೊಡಲಾ ಅಂತ ಕೇಳಿದೆ, ಕೊಡಿ ಅಂದರು. ಇಂಗ್ಲಿಷ್ ಬೇಕಾದ ಕಡೆ ಇಂಗ್ಲಿಷಿಗೂ ಹೋದೆ.

ಒಬ್ಬ ಮೇಡಂ ಕೇಳಿದ್ದು ಇದು. ಒಬ್ಬಾಕೆ ನಿಮ್ಮ ಮೇಜಿನ ಮುಂದೆ ಬಂದು ತೆಲುಗಿನಲ್ಲಿ ಕೂಗಾಡುತ್ತಿದ್ದಾಳೆ, ಗೋಡೆ ಎದ್ದಿದೆ, ಎರಡನೇ ಕಂತು ಬಂದಿಲ್ಲ, ಬಡ್ಡಿಗೆ ಸಾಲ ತಂದಿದ್ದಾಳೆ. ಏನು ಹೇಳುತ್ತೀರಿ?

ಒಂದು ಕ್ಷಣ ಬಿಟ್ಟೆ. ಮೊದಲು ಕುರ್ಚಿ ಕೊಡುತ್ತೇನೆ ಅಂದೆ. ತೆಲುಗಿನಲ್ಲೇ ಮಾತಾಡುತ್ತೇನೆ. ಆಮೇಲೆ ಯಾವ ಹಂತದ ಫೋಟೋ ಏರಿದೆ, ಯಾವುದು ಏರಿಲ್ಲ ಅಂತ ಆಕೆಗೂ ಕಾಣುವ ಹಾಗೆ ಸ್ಕ್ರೀನ್ ತಿರುಗಿಸಿ ನೋಡುತ್ತೇನೆ. ಆಧಾರ್‌ನಲ್ಲಿ ಒಂದು ಹೆಸರು, ಪಾಸ್‌ಬುಕ್ಕಿನಲ್ಲಿ ಇನ್ನೊಂದು ಇದೆಯಾ ನೋಡುತ್ತೇನೆ, ನಮ್ಮ ಸಂಘಗಳಲ್ಲಿ ಹಣ ನಿಲ್ಲುತ್ತಿದ್ದದ್ದು ಹೆಚ್ಚಾಗಿ ಅಲ್ಲೇ, ಗಂಡನ ಮನೆಯ ಅಡ್ಡಹೆಸರು ಒಂದರಲ್ಲಿ ಇರುತ್ತದೆ, ಒಂದರಲ್ಲಿ ಇರುವುದಿಲ್ಲ. ಕಾರಣ ಸಿಕ್ಕರೆ ಒಂದು ಚೀಟಿಯಲ್ಲಿ ಬರೆದು ಕೊಡುತ್ತೇನೆ, ಏನು ತರಬೇಕು, ಯಾರ ಹತ್ತಿರ ಹೋಗಬೇಕು ಅಂತ. ನನ್ನ ಕೈಯಲ್ಲಿಲ್ಲದಿದ್ದರೆ ಇಲ್ಲ ಅಂತಲೇ ಹೇಳುತ್ತೇನೆ. ನಾಳೆ ಬರುತ್ತೆ ಅಂತ ಮಾತ್ರ ಹೇಳುವುದಿಲ್ಲ ಮೇಡಂ, ಅದನ್ನು ಆಕೆಗೆ ಈಗಾಗಲೇ ಹತ್ತು ಜನ ಹೇಳಿರುತ್ತಾರೆ ಅಂದೆ.

ಬರೆದುಕೊಂಡರು. ಇನ್ನೊಬ್ಬರು, ವಯಸ್ಸಾದವರು, ಕ್ಯಾಮೆರಾ ಹತ್ತಿರ ಬಾಗಿ, "ನಿಮ್ಮ ಹಿಂದಿನ ಗೋಡೆ ಸೋರುತ್ತಾ?" ಅಂತ ಕೇಳಿದರು. ಹೌದು ಸರ್, ಮೇಲಿನ ಸಜ್ಜೆಯಲ್ಲಿ ಬಿರುಕಿದೆ, ನೀರು ಒಳಗಿನಿಂದ ಇಳಿಯುತ್ತದೆ, ಹೊರಗಿನಿಂದ ಎಷ್ಟು ಬಳಿದರೂ ನಿಲ್ಲಲಿಲ್ಲ ಅಂದೆ. ಅವರು ಎಂಜಿನಿಯರ್ ಅಂತ ಆಮೇಲೆ ಗೊತ್ತಾಯಿತು. ಐದು ನಿಮಿಷ ಸಜ್ಜೆಯ ಬಗ್ಗೆಯೇ ಮಾತಾಡಿದೆವು.

ಆ ಕೆಲಸದ್ದು ಇನ್ನೂ ಏನೂ ತಿಳಿದಿಲ್ಲ. ದಾಖಲೆ ಕಳಿಸಿ ಅಂತ ಕೇಳಿದ್ದಾರೆ, ಕಳಿಸಿದ್ದೇನೆ.

ಅಂಗಡಿಗೆ ವಾಪಸ್ ಹೋಗಿ ಮುಂಗಡ ಕೇಳಿದೆ. ದುಡ್ಡು ವಾಪಸ್ ಇಲ್ಲ, ಒಂದು ಗಂಟೆ ಬಾಕಿ ಇರಲಿ ಅಂತ ಪುಸ್ತಕದಲ್ಲಿ ಬರೆದರು. ಆ ಗಂಟೆಯನ್ನು ಕೆಳಗಿನ ಮನೆಯ ಹುಡುಗನಿಗೆ ಕೊಟ್ಟಿದ್ದೇನೆ, ಮುಂದಿನ ವಾರ ಅವನದೊಂದು ಇಂಟರ್‌ವ್ಯೂ ಇದೆ, ಸೋಫಾ ಬೇಡ ಅಂತ ಹೇಳಿ ಕಳಿಸಿದ್ದೇನೆ. ನೀವು ಹೋಗುವುದಾದರೆ ಮೂರನೇ ಕ್ಯಾಬಿನ್ ಕೇಳಿ, ಅದಕ್ಕೆ ಒಂದು ಕಡೆಯಾದರೂ ಇಟ್ಟಿಗೆ ಗೋಡೆ ಇದೆ. ಒಂದನೆಯದು ಮೆಟ್ಟಿಲ ಪಕ್ಕ, ಸದ್ದು ಜಾಸ್ತಿ. ಭಾನುವಾರ ರಜೆ. ಬೊಟ್ಟು ನಿಮ್ಮದೇ ತೆಗೆದುಕೊಂಡು ಹೋಗಿ.